ಸಾಂಡಪಾಣಿ ಪ್ಲಾಂಟಿನ ಮೂಡಣಕ್ಕ ಒಂದು ಮನಿ

ವಾಚನಾಲಯದ ಹುಡುಗರು "ಕಾಕಾ, ಈ ಸಲದ ಪುಸ್ತಕಕ್ಕ ನಿಮ್ಮದೂ ಒಂದು ಲೇಖನ ಬೇಕು" ಅಂತ ಬೆನ್ನು ಹತ್ತಿದರು. ನಾನು ಏಳನೇ ಇಯತ್ತೆ ಓದಿದವ. ಪದ ಹಾಡೋದು ಬೇರೆ, ಬರೆಯೋದು ಬೇರೆ. ಹಾಡುವಾಗ ದಪ್ಪಿನ ಪೆಟ್ಟು ನಮ್ಮನ್ನ ಕೈ ಹಿಡಿದು ನಡಸ್ತದ, ಇಲ್ಲಿ ಹಿಡಿಯೋರು ಯಾರೂ ಇಲ್ಲ. ಆದರೂ ಹೋದ ವರ್ಷ ನಮ್ಮ ಮನಿಯೊಳಗ ಒಂದು ಪ್ರಶ್ನೆ ಬಂದು ಎರಡು ತಿಂಗಳು ನಮ್ಮ ಜೋಡಿ ಉಂಡು, ನಮ್ಮ ಜೋಡಿ ಮಲಗಿ, ಯಾರಿಗೂ ನಿದ್ದಿ ಹತ್ತಗೊಡಲಿಲ್ಲ. ಅದನ್ನೇ ಬರೆಯುತ್ತೇನೆ.

ಪ್ರಶ್ನೆ ಇಷ್ಟೇ. ಇಡೀ ಶಹರದ ಹೊಲಸು ನೀರು ಬಂದು ಸೇರುವ ಜಾಗದ ಬಾಜೂಕ, ಸೋವಿ ಸಿಗ್ತದ ಅಂತ ಮನಿ ತಗೊಳ್ಳೋದು ಸರಿಯೇನು?

ನನ್ನ ಸಣ್ಣ ಮಗ ಶಹರದಾಗ ಕಾರಖಾನಿ ಕೆಲಸಕ್ಕ ಇದ್ದಾನ. ಹನ್ನೊಂದು ವರ್ಷ ಒಂದೇ ಖೋಲಿ ಬಾಡಿಗೆ. ಎರಡು ಮಕ್ಕಳು. ಶಹರದ ಅಂಚಿಗೆ ಒಂದು ಮನಿ ಮಾರಾಟಕ್ಕ ಬಂದದ ಅಂತ ಅವನಿಗೆ ಗೊತ್ತಾಯಿತು. ಒಂದು ಗುಂಠೆ ಜಾಗಾ, ಎರಡು ಖೋಲಿ, ಅಡಿಗಿ ಮನಿ, ಒಳಗೇ ನಾಣಿ, ಒಳಗೇ ಸಂಡಾಸ, ಅಂಗಳದಾಗ ಒಂದು ಸೀತಾಫಲ ಗಿಡ. ಅಂಥ ಮನಿ ಬೇರೆ ಕಡೆ ಇಪ್ಪತ್ತೊಂದು ಲಕ್ಷಕ್ಕ ಕಡಿಮಿ ಇಲ್ಲ. ಇಲ್ಲಿ ಹದಿನಾಲ್ಕು. ಯಾಕಂದರ ಪಡುವಣಕ್ಕ ಒಂದು ಹೊಲದ ಅಂತರದಾಗ ಸಾಂಡಪಾಣಿ ಪ್ಲಾಂಟ್ ಅದ. ಶಹರದ ಹೆಸರು, ಓಣಿಯ ಹೆಸರು ನಾನು ಬರೆಯೋದಿಲ್ಲ. ಅಲ್ಲಿ ಇನ್ನೂ ಮೂರು ನಾಲ್ಕು ಮಂದಿ ಮನಿ ಮಾರಬೇಕು ಅಂತ ಕುಂತಾರ. ನಾನು ಬರೆದ ಒಂದು ಕಾಗದದಿಂದ ಅವರ ಮನಿಯ ಬೆಲಿ ಬೀಳೋದು ಬ್ಯಾಡ.

ಮಗ ಮೂರು ಲಕ್ಷ ಕೂಡಿಸಿದ್ದ. ಬ್ಯಾಂಕು ಎಂಟು ಕೊಡ್ತೇನೆ ಅಂದಿತ್ತು. ಬ್ಯಾಂಕಿನವರು ಬಂದು ಗ್ವಾಡಿ ಅಳದರು, ಕಾಗದ ನೋಡಿದರು, ಹೋದರು. ಬ್ಯಾಂಕಿಗೆ ಮೂಗು ಇರೋದಿಲ್ಲ ಅಂತ ನನಗ ಅವತ್ತು ತಿಳೀತು. ಉಳಿದ ಮೂರು ಲಕ್ಷ ನಾನು ಕೊಡಬೇಕು. ಅದು ಎರಡು ವರ್ಷದ ತೊಗರಿ ಮಾರಿ, ಬಾವಿ ಇನ್ನೂ ಎರಡು ಮಟ್ಟ ಆಳ ಇಳಿಸಬೇಕು ಅಂತ ಇಟ್ಟ ರೊಕ್ಕ. ಅದಕ್ಕ ಈ ಪ್ರಶ್ನೆ ಬರೇ ಮಾತಿನ ಪ್ರಶ್ನೆ ಆಗಿ ಉಳೀಲಿಲ್ಲ.

ಎಜೆಂಟ ನಮ್ಮನ್ನ ಮನಿ ತೋರಸಾಕ ಕರಕೊಂಡು ಹೋದದ್ದು ಸಂಕ್ರಾಂತಿ ಆದ ಎಂಟು ದಿನಕ್ಕ, ನಡು ಮಧ್ಯಾಹ್ನದಾಗ. ಒಂದು ಚೂರೂ ವಾಸನಿ ಇಲ್ಲ. ಮಗ ನನ್ನ ಮುಖ ನೋಡಿದ, ಸೊಸಿ ಸೀತಾಫಲ ಗಿಡ ನೋಡಿದಳು. ಎಜೆಂಟ "ನೋಡ್ರಿ, ಮಂದಿ ಸುಮ್ಮನ ಅಂತಾರ" ಅಂದ. ಆದರ ನಾನು ಒಕ್ಕಲಿಗ. ಕಣದಾಗ ರಾಶಿ ತೂರುವವನಿಗೆ ಮೊದಲು ಗಾಳಿಯ ಗುರುತು ಇರಬೇಕಾಗ್ತದ. ಪುಷ್ಯ ಮಾಸದಾಗ ನಮ್ಮ ಸೀಮಿಯೊಳಗ ಗಾಳಿ ಮೂಡಣದಿಂದ ಬೀಸ್ತದ. ಮನಿ ಇದ್ದದ್ದು ಪ್ಲಾಂಟಿನ ಮೂಡಣಕ್ಕ. ಅಂದರ ಅವತ್ತು ನಮ್ಮ ಮನಿಯ ಗಾಳಿ ಪ್ಲಾಂಟಿಗೆ ಹೋಗ್ತಿತ್ತು, ಪ್ಲಾಂಟಿನದು ನಮ್ಮ ಕಡೆ ಬರ್ತಿರಲಿಲ್ಲ. ಮಿರಗ ಕೂಡಿತಂದರ ಗಾಳಿ ತಿರುಗ್ತದ, ಮುಂದ ನಾಲ್ಕು ತಿಂಗಳು ಪಡುವಣ ಗಾಳಿ. ಮತ್ತ ಛಳಿಗಾಲದ ನಸುಕಿನ್ಯಾಗ ಗಾಳಿ ನಿಂತು ಹೊಗಿ ಹ್ಯಾಂಗ ನೆಲ ಹಿಡಿದು ಮಲಗ್ತದೋ ವಾಸನಿಯೂ ಹಂಗ ಮಲಗ್ತದ, ಬಿಸಿಲು ಏರಿದ ಮ್ಯಾಲ ಏಳ್ತದ. ಎಜೆಂಟ ಮಧ್ಯಾಹ್ನ ಕರಕೊಂಡು ಹೋದದ್ದು ಊಟಕ್ಕ ಹೊತ್ತಾಗ್ತದ ಅಂತ ಅಲ್ಲ.

ಇಲ್ಲೊಂದು ಮಾತು ನೆನಪಾಗ್ತದ. ನಮ್ಮ ಕಡೆಯ ಭಾಳ ಹಳ್ಳಿಯೊಳಗ ಹಿಂದಿನವರು ದಲಿತರ ಕೇರಿಯನ್ನ ಊರ ಮೂಡಣಕ್ಕ ಇಟ್ಟಾರ. ಯಾಕ ಅಂತ ನಾನು ಹುಡುಗ ಇದ್ದಾಗ ನಮ್ಮ ಅಜ್ಜನ್ನ ಕೇಳಿದ್ದೆ. "ಗಾಳಿ ಪಡುವಣದ್ದು" ಅಂದಿದ್ದ, ಅಷ್ಟೇ. ಊರಿನ ಗಾಳಿ ಅವರ ಮ್ಯಾಲ ಹೋಗಬೇಕು, ಅವರದು ಊರಿನ ಮ್ಯಾಲ ಬರಬಾರದು. ಸತ್ತ ದನ ಎಳೆಯೋರು ಅವರು, ತೊಗಲು ಹದ ಮಾಡೋರು ಅವರು, ಆ ತೊಗಲಿನ ಮಿಣಿ ಬಾರಕೋಲು ಮಾತ್ರ ಊರಿನವು. ನಾನು ಬಾರಿಸೋ ದಪ್ಪಿನ ತೊಗಲೂ ಅಲ್ಲಿಂದಲೇ ಬಂದದ್ದು. ಇಂಜಿನೇರ್ ಇಲ್ಲದ ಕಾಲದಾಗೇ ನಮ್ಮ ಹಿರ್ಯಾರು ಈ ಹಿಕಮತ್ತು ಕಲ್ತಿದ್ದರು. ಈಗ ಸರಕಾರಿ ನಕ್ಷೆ ಬಂದದ, ಕಂಪ್ಯೂಟರ್ ಬಂದದ, ಆದರ ಹೊಲಸಿನ ಬಾಜೂಕ ಯಾರು ಇರಬೇಕು ಅನ್ನೋದು ಬಡತನ ನೋಡಿ ಇನ್ನೂ ಹಂಗೇ ನಿರ್ಧಾರ ಆಗ್ತದ. ಯಾರೂ ಯಾರನ್ನೂ ಹಿಡಿದು ನೂಕೋದಿಲ್ಲ ಈಗ. ಬೆಲಿ ನೂಕ್ತದ.

ನಾನು ಗೀಗೀ ಪದದವ. ಹರದೇಶಿ ಮ್ಯಾಳದಾಗ ನಲವತ್ತು ವರ್ಷ ಹಾಡೇನಿ. ಓದುಗರಿಗೆ ಗೊತ್ತಿದ್ದದ್ದೇ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡ್ತಾರ, ನಾವು ಗಂಡು ಹೆಚ್ಚು ಅಂತ ಹಾಡ್ತೇವ, ಬೆಳತನಕ ಸವಾಲು ಜವಾಬು. ಅದರಿಂದ ಒಂದು ರೂಢಿ ಬಿದ್ದದ. ಒಂದು ಮಾತು ಕೇಳಿದ ಕೂಡಲೇ ಎದುರಿನ ಮ್ಯಾಳ ಇದಕ್ಕ ಏನು ಜವಾಬು ಕೊಟ್ಟೀತು ಅಂತ ಮನಸ್ಸು ಹುಡುಕ್ತದ. "ಬಡವರನ್ನ ಹೊಲಸಿನ ಬಾಜೂಕ ಇಡೋದು ಅನ್ಯಾಯ, ಆದಕಾರಣ ಆ ಮನಿ ನಾವು ತಗೋಬಾರದು" ಅಂತ ನಾನು ಮನಿಯೊಳಗ ಹೇಳಿದೆ. ಜವಾಬು ಕೊಟ್ಟಾಕಿ ನನ್ನ ಸೊಸಿ.

"ಮಾವಾರ, ನೀವು ವಾಸನಿ ಬಗ್ಗೆ ಮಾತಾಡ್ತೀರಿ. ನಾವು ಈಗಿರೋ ವಾಡೆದಾಗ ಏಳು ಮನಿಗೆ ಒಂದು ಸಂಡಾಸ. ಅದರ ವಾಸನಿ ಗಾಳಿ ನೋಡಿ ಬರೋದಿಲ್ಲ, ದಿನಾ ಅದ. ನಸುಕಿನ ನಾಲ್ಕಕ್ಕ ಎದ್ದು ಕೊಡ ಹಿಡಿದು ಸರತಿ ನಿಲ್ಲತೇನಿ. ಮಗಳು ದೊಡ್ಡಾಕಿ ಆಗ್ಯಾಳ. ನೀವು ಅನ್ಯಾಯ ಅಂತ ಆ ಮನಿ ಬಿಟ್ಟರ ನ್ಯಾಯ ನನ್ನ ಮನಿಗೆ ಬರ್ತದೇನು? ಬ್ಯಾರೆ ಬಡವರು ಯಾರೋ ತಗೊಳ್ತಾರ, ನಾ ಸರತಿ ನಿಂತೇ ಇರ್ತೇನಿ."

ನನಗ ಜವಾಬು ಹೊಳೀಲಿಲ್ಲ. ಹಾಡಿಕೆಯೊಳಗ ಆಗಿದ್ದರ ಅವತ್ತು ನನ್ನ ದಪ್ಪು ಕೆಳಗ ಇಡಬೇಕಿತ್ತು.

ಆಮೇಲೆ ಒಬ್ಬನೇ ಹೋಗಿ ಆ ಪ್ಲಾಂಟು ನೋಡಿ ಬಂದೆ. ಮನಿ ತಗೊಳ್ಳೋರು ಗ್ವಾಡಿ ಬಡಿದು ನೋಡ್ತಾರ, ಛತ್ತು ನೋಡ್ತಾರ. ಬಾಜೂದವರನ್ನ ನೋಡೋದಿಲ್ಲ. ಇಲ್ಲಿ ಬಾಜೂದವರು ಅಂದರ ಅದೇ. ಪಾಳಿ ಮ್ಯಾಲ ಇದ್ದ ಒಬ್ಬ ಹುಡುಗ, ನಮ್ಮ ಕಡೆಯವನೇ, ಕನ್ನಡ ಕೇಳಿ ಖುಷಿಯಾಗಿ ಎಲ್ಲಾ ತೋರಿಸಿದ.

ಮೊದಲು ಕಬ್ಬಿಣದ ಸಳಿಯ ಜಾಳಗಿ. ನೀರಿನ ಜೋಡಿ ಬಂದ ಪ್ಲಾಸ್ಟಿಕ್, ಚಿಂದಿ, ಕೂದಲ, ದೇವರಿಗೆ ಏರಿಸಿದ ಹೂವು, ಹುಡುಗರ ಆಟಗಿ ಸಾಮಾನು ಎಲ್ಲಾ ಅಲ್ಲಿ ತಡೀತದ. ಶಹರದ ಮಂದಿ ಏನೇನು ಬಚ್ಚಿಡ್ತಾರ ಅದೆಲ್ಲ ಅಲ್ಲಿ ಬಯಲಿಗೆ ಬಿದ್ದದ. ಮುಂದ ಉಸುಕು ತಳಕ್ಕ ಕೂಡೋ ಕುಣಿ. ಆ ಮ್ಯಾಲ ದೊಡ್ಡ ಹೌದು, ತಳದಿಂದ ಮಷಿನು ಗಾಳಿ ಊದ್ತದ, ನೀರು ಅನ್ನ ಕುದ್ದಂಗ ಕುದೀತದ. ಕಣ್ಣಿಗೆ ಕಾಣದ ಜೀವಗಳು ಆ ಗಾಳಿ ಉಸಿರಾಡಿ ಹೊಲಸು ತಿಂತಾವ. ಆಮೇಲೆ ನೀರನ್ನ ಸುಮ್ಮನ ನಿಲ್ಲಸ್ತಾರ. ಗಸಿ ತಳಕ್ಕ, ತಿಳಿ ಮ್ಯಾಲ. ಆ ಗಸಿಯೊಳಗ ಸ್ವಲ್ಪ ತಿರುಗಿ ಮೊದಲಿನ ಹೌದಕ್ಕ ಹಾಕ್ತಾರ. ಯಾಕೋ ತಮ್ಮಾ ಅಂದರ, "ಹಾಲಿಗೆ ಹೆಪ್ಪು ಹಾಕಿದಂಗ ಕಾಕಾ" ಅಂದ. ಉಳಿದ ಗಸಿ ಒಣಗಸ್ತಾರ. ತಿಳಿ ನೀರಿಗೆ ಕ್ಲೋರಿನ್ ಹಾಕಿ ನಾಲಾಕ್ಕ ಬಿಡ್ತಾರ.

ಒಕ್ಕಲಿಗನಿಗೆ ಇದರಾಗ ಹೊಸದು ಏನೂ ಇಲ್ಲ. ನಮ್ಮ ತಿಪ್ಪಿಯದೂ ಇದೇ ಕಥಿ. ಕೆದರಿ ಗಾಳಿ ಆಡಿಸಿದ ತಿಪ್ಪಿ ನಾರೋದಿಲ್ಲ, ಮಣ್ಣಿನ ವಾಸನಿ ಬರ್ತದ. ಮಳಿ ನೀರು ನಿಂತು ಗಾಳಿ ಕಟ್ಟಿದ ತಿಪ್ಪಿ ಕೊಳತ ತತ್ತಿಯಂಗ ನಾರ್ತದ. ಪ್ಲಾಂಟಿನಾಗೂ ಹಂಗೇ. ಗಾಳಿ ಊದೋ ಮಷಿನು ನಡದಿದ್ದರ ದೊಡ್ಡ ಹೌದದ ಬಾಜೂಕ ನಿಂತು ಚಾ ಕುಡೀಬಹುದು. ನಾನು ಕುಡದೆ. ವಾಸನಿ ಇದ್ದದ್ದು ಮೊದಲಿನ ಜಾಳಗಿಯ ಹತ್ತಿರ, ಮತ್ತ ಗಸಿ ಒಣಗಿಸೋ ಕಡೆ. ಆದರ ಲೈಟು ಹೋಗಿ ಮಷಿನು ತಾಸುಗಟ್ಟಲೆ ನಿಂತಿತಂದರ ಆ ಜೀವಗಳು ಉಸಿರುಕಟ್ಟಿ ಸಾಯ್ತಾವ, ಇಡೀ ಹೌದ ಕೊಳೀತದ. ಅಂದರ ಬಾಜೂಕ ಇರೋ ಮನಿಯವರ ನಸೀಬು ಪ್ಲಾಂಟಿನ ಕೈಯಾಗ ಇಲ್ಲ, ಪ್ಲಾಂಟು ನಡೆಸೋರ ನಿಗಾದ ಕೈಯಾಗ ಅದ. ಸ್ವಚ್ಛ ಮಾಡೋ ಜಾಗಾ ಹೊಲಸಲ್ಲ. ಅದನ್ನ ಅರ್ಧಕ್ಕ ಬಿಡೋದು ಹೊಲಸು.

ನಮ್ಮೂರ ಶಾಲಿ ಮಾಸ್ತರು ಲೆಕ್ಕ ಹಾಕಿ ತೋರಿಸಿದರು. ಗಟಾರ ಯೋಜನೆ ಇರೋ ಶಹರದ ಮನುಷ್ಯನಿಗೆ ದಿನಕ್ಕ 135 ಲೀಟರ್ ನೀರು ಕೊಡಬೇಕು ಅಂತ ಸರಕಾರದ ಮಾಪು. ಹಳ್ಳಿಯವನಿಗೆ ನಳದ ಯೋಜನೆಯೊಳಗ 55 ಲೀಟರ್. ಕೊಟ್ಟ ನೀರಿನಾಗ ನೂರಕ್ಕ 80ರಷ್ಟು ಗಟಾರಕ್ಕ ಹೋಗ್ತದ ಅಂತ ಲೆಕ್ಕ ಹಿಡೀತಾರ. ಅಂದರ ಒಬ್ಬನಿಗೆ 108 ಲೀಟರ್. ನಮ್ಮ 15 ಲೀಟರಿನ ಕೊಡದಾಗ ಏಳು ಕೊಡ ಹೊಲಸು ನೀರು, ದಿನಾ, ಒಬ್ಬೊಬ್ಬನದು. ಏಳು ಕೊಡ ಒಳಗ ಹೊತ್ತು ತರೋದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತದ. ಏಳು ಕೊಡ ಹೊರಗ ಒಯ್ಯೋದು ಯಾರು ಅಂತ ನಾವು ಕೇಳೇ ಇಲ್ಲ. ನಳದ ನೀರು ಬರೋ ಹೊತ್ತು ಎಲ್ಲರಿಗೂ ಬಾಯಿಪಾಠ, ಹೋಗೋ ದಾರಿ ಯಾರಿಗೂ ಗೊತ್ತಿಲ್ಲ.

ಸೊನ್ನಲಿಗೆಯ ಸಿದ್ಧರಾಮ ಕೆರಿ ಕಟ್ಟಿಸಿದ. ಅವನ ಗುಡಿ ಇವತ್ತಿಗೂ ಸೊಲ್ಲಾಪುರದಾಗ ಆ ನೀರಿನ ನಡುವೆ ಅದ. ಸಂಕ್ರಾಂತಿಗೆ ನಂದಿಕೋಲು ಏಳ್ತಾವ, ಲಕ್ಷ ಮಂದಿ ಕೂಡ್ತದ. ಕೆರಿ ಅಗಿಯೋದರಾಗೇ ಮುಳುಗಿದ್ದ ಅವನನ್ನ ಅಲ್ಲಮಪ್ರಭು ಬಂದು ಒಡ್ಡ ಅಂತ ಮೂದಲಿಸಿದ ಕಥಿ ನಾವೆಲ್ಲಾ ಕೇಳೇವಿ. ಒಡ್ಡ ಅನ್ನೋದು ಬೈಗುಳ ಹ್ಯಾಂಗ ಆಯಿತು ಅಂತ ನನಗ ಮೊದಲಿಂದಲೂ ಒಂದು ಕಸಿವಿಸಿ ಅದ, ಅದು ಬ್ಯಾರೆ ಮಾತು. ನಾ ಹೇಳಬೇಕು ಅನ್ನೋದು, ನೀರು ತಂದವನಿಗೆ ಗುಡಿ ಕಟ್ಟಿದೆವು, ಪದ ಕಟ್ಟಿದೆವು. ಬಾವಿ ತೋಡಿಸಿದವ, ಅರವಟ್ಟಿಗೆ ಇಟ್ಟವ, ಕೆರಿ ಕಟ್ಟಿದವ ಎಲ್ಲರ ಪದ ನನಗ ಬರ್ತಾವ. ಬಳಸಿ ಬಿಟ್ಟ ನೀರು ತೊಳೆದವನ ಮ್ಯಾಲ ಒಂದು ಪದ ಇಲ್ಲ. ಗಟಾರದಾಗ ಇಳಿದು ಸತ್ತವನ ಮ್ಯಾಲ ಇಲ್ಲ. ಗಟಾರದಾಗ, ಸಂಡಾಸದ ಟಾಕಿಯಾಗ ಮನುಷ್ಯನನ್ನ ಇಳಿಸಬಾರದು ಅಂತ 2013ರಾಗ ಕಾಯ್ದೆ ಆಗೇದ. ಇಳಿದು ಸತ್ತರ ಮನಿಯವರಿಗೆ 30 ಲಕ್ಷ ಕೊಡಬೇಕು ಅಂತ 2023ರಾಗ ಸುಪ್ರೀಂ ಕೋರ್ಟು ಹೇಳೇದ, ಅದಕ್ಕಿಂತ ಮೊದಲು 10 ಲಕ್ಷ ಇತ್ತು. ನಾವು ಹದಿನಾಲ್ಕು ಲಕ್ಷದ ಮನಿಯ ಬಗ್ಗೆ ಎರಡು ತಿಂಗಳು ಜಗಳಾಡಿದೆವು.

ಪದ ಅಂದಕೂಡಲೇ 'ಕೆರೆಗೆ ಹಾರ' ನೆನಪಾಗ್ತದ. ಕೆರಿ ಕಟ್ಟಸ್ತಾರ, ಹನಿ ನೀರು ಬರೋದಿಲ್ಲ. ಹೊತ್ತಿಗಿ ತೆಗೆದು ನೋಡಿದರ ಸೊಸಿಯನ್ನ ಹಾರ ಕೊಡಬೇಕು ಅಂತ ಬರ್ತದ. ಹಿರಿ ಸೊಸಿಯನ್ನ ಕೊಟ್ಟರ ಮನಿ ನಡಿಯೋದಿಲ್ಲ. ಕಿರಿ ಸೊಸಿ ಭಾಗೀರಥಿ ಮ್ಯಾಲ ಬರ್ತದ. ಕೆರಿ ಊರಿಗೆಲ್ಲಾ ಬೇಕು, ಮುಳುಗೋಳು ಒಬ್ಬಾಕಿ. ಆಕಿನೇ ಯಾಕ ಅಂದರ ಆಕಿ ಹೋದರ ಎಲ್ಲರಿಗಿಂತ ಕಡಿಮಿ ನಷ್ಟ ಅಂತ ಮನಿಯ ಹಿರ್ಯಾರ ಲೆಕ್ಕ. ಈ ಪದ ಕೇಳಿ ಅಳದ ಹೆಣ್ಣುಮಗಳನ್ನ ನಾ ನೋಡಿಲ್ಲ. ಆದರ ಪ್ಲಾಂಟು ಎಲ್ಲಿ ಕಟ್ಟಬೇಕು ಅನ್ನುವಾಗಲೂ ಇದೇ ಹೊತ್ತಿಗಿ ತೆಗೀತಾರ ಅಂತ ನನಗನಿಸ್ತದ. ಪ್ಲಾಂಟು ಬೇಕು, ಇಲ್ಲ ಅಂದರ ಹೊಲಸು ಹೊಳಿಗೆ ಹೋಗ್ತದ. ಆದರ ಯಾರ ಮನಿ ಮುಂದ? ಯಾರು ಕೂಗಿದರ ಕೇಳಸೋದಿಲ್ಲೋ ಅವರ ಮನಿ ಮುಂದ.

ಇದನ್ನ ಸೊಸಿಗೆ ಹೇಳಿದೆ. ಆಕಿ ನಕ್ಕಳು. "ಭಾಗೀರಥಿಗೆ ಯಾರೂ ಕೇಳಿರಲಿಲ್ಲ ಮಾವಾರ. ನನಗ ಕೇಳ್ರಿ. ನನಗ ಆ ಮನಿ ಬೇಕು." ಈ ಮಾತು ನನ್ನ ತಲಿಯೊಳಗ ಭಾಳ ದಿನ ತಿರುಗಿತು. ಒಬ್ಬರಿಗೆ ಅನ್ಯಾಯ ಆಗ್ಯದ ಅಂತ ನಾವು ಅವರ ಪರ ಮಾತಾಡ್ತೇವ, ಖರೆ. ಮಾತಾಡ್ತಾ ಮಾತಾಡ್ತಾ ಅವರ ಬಾಯಿ ಮ್ಯಾಲ ಕೈ ಇಟ್ಟಿರ್ತೇವ, ಅದು ಗೊತ್ತಾಗೋದಿಲ್ಲ.

ತಗೊಳ್ಳೋದು ಅಂತ ಆಯಿತು. ಆದರ ಪ್ರಶ್ನೆ ಅಲ್ಲಿಗೆ ಮುಗೀಲಿಲ್ಲ. ಮನಿ ಬಾಜೂದಾಗ ಚಾದ ಅಂಗಡಿ ಇಟ್ಟ ಒಬ್ಬ ಮುದುಕಿ ಇದ್ದಳು. ಆಕಿನ್ನ ಕೇಳಿದೆ. "ಮಿರಗದಿಂದ ದಸರಾತನಕ ಬಾಗಲ ತೆಗೀಬ್ಯಾಡ್ರಿ" ಅಂದಳು. ಅಲ್ಲಿಂದ ನೆಟ್ಟಗ ಮನಿ ಮಾರೋರ ಹತ್ತಿರ ಹೋದೆ. ಗಿರಣಿಯೊಳಗ ದುಡಿದು ನಿವೃತ್ತ ಆದ ಮನುಷ್ಯ, ನನ್ನ ವಾರಿಗೆಯವರು. ಎಜೆಂಟನ್ನ ಬಿಟ್ಟು ಕೇಳಿದೆ, "ಅಣ್ಣಾರ, ಮಳಿಗಾಲದಾಗ ಹ್ಯಾಂಗ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೆಲವು ದಿನ ಊಟ ಮಾಡೋದು ಆಗೋದಿಲ್ಲ. ನೀವು ಕೇಳಿದ್ರಿ, ಹೇಳಿದೆ. ಕೇಳದಿದ್ರ ಹೇಳ್ತಿರಲಿಲ್ಲ" ಅಂದರು.

ಈ ಮಾತು ಪ್ರಾಮಾಣಿಕ ಹೌದೋ ಅಲ್ಲೋ? ಮಾಸ್ತರು ಕಾಯ್ದೆ ಹೇಳಿದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಅದರ 55ನೇ ಕಲಮು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ನಿಗಾದಿಂದ ನೋಡಿದರೂ ಗೊತ್ತಾಗದ ದೊಡ್ಡ ದೋಷ ಇದ್ದರ ಮಾರುವವನು ಹೇಳಲೇಬೇಕು ಅಂತ ಅದರಾಗ ಅದ. ಆದರ ಪ್ಲಾಂಟು ಎದುರಿಗೇ ಕಾಣ್ತದಲ್ಲ, ಮೂಗು ಇದ್ದವ ಮೂಸಿ ನೋಡಲಿ ಅಂತ ವಕೀಲ ವಾದ ಮಾಡಬಹುದು. ಎತ್ತಿನ ಬಜಾರದ ಕಾಯ್ದೆ ಇದಕ್ಕಿಂತ ಸ್ಪಷ್ಟ ಅದ. ಟವೆಲ್ ಕೆಳಗ ಬೆರಳು ಹಿಡಿದು ಬೆಲಿ ಮಾಡ್ತೇವ, ಬೆಲಿ ಮುಚ್ಚಿಡಬಹುದು. ಖೋಡಿ ಮುಚ್ಚಿಡಬಾರದು. ಎತ್ತು ಹಾಯ್ತದ, ಒದೀತದ, ಹಸಿ ನೆಲದಾಗ ನೊಗದ ಕೆಳಗ ಮಲಗ್ತದ ಅಂತ ಹೇಳೇ ಮಾರಬೇಕು. ಹಸಿ ನೆಲದಾಗ ಮಲಗೋ ಎತ್ತನ್ನ ಬ್ಯಾಸಗಿ ಬಜಾರದಾಗ ಎಷ್ಟು ಮೂಸಿ ನೋಡಿದರೂ ಗೊತ್ತಾಗೋದಿಲ್ಲ. ಈ ಮನಿಯೂ ಬ್ಯಾಸಗಿ ಬಜಾರದ ಎತ್ತು. ಹಂಗಂತ ಆ ಹಿರ್ಯಾರ ಮ್ಯಾಲ ನನಗ ಸಿಟ್ಟು ಬರಲಿಲ್ಲ. ಅವರು ಆ ಮನಿ ಕಟ್ಟಿದ್ದು 1994ರಾಗ. ಆಗ ಸುತ್ತ ಜ್ವಾಳದ ಹೊಲ. ಪ್ಲಾಂಟು ಆಮೇಲೆ ಬಂತು. ಗಿರಣಿಯ ಗಳಿಕೆ ಎಲ್ಲಾ ಆ ಗ್ವಾಡಿಯಾಗ ಅದ. ಅವರ ಮನಿಯಿಂದ ಏಳು ಲಕ್ಷ ಯಾರೋ ಎತ್ತಿಕೊಂಡು ಹೋದಂಗ ಆಗ್ಯದ, ಪೋಲೀಸ ಫಿರ್ಯಾದಿ ಕೊಡಾಕ ಕಳ್ಳ ಇಲ್ಲ.

ಇಲ್ಲಿ ನನ್ನ ಮಗನಿಗೂ ನನಗೂ ಮಾತಿಗೆ ಮಾತು ಬೆಳೀತು. ಅವ ಅಂದ, "ಅಪ್ಪಾ, ಅವರೇ ಬಾಯಿ ಬಿಟ್ಟು ಒಪ್ಪಿಕೊಂಡ್ರು. ಈಗ ಹನ್ನೆರಡಕ್ಕ ಕೇಳೋಣ. ಬ್ಯಾರೆ ಗಿರಾಕಿ ಇಲ್ಲ ಅವರಿಗೆ." ವ್ಯವಹಾರ ನೋಡಿದರ ಅವನ ಮಾತು ಸುಳ್ಳಲ್ಲ. ಎರಡು ಲಕ್ಷ ಉಳಿದರ ನನ್ನ ಬಾವಿಯ ಕೆಲಸ ಆಗ್ತಿತ್ತು. ಆದರ ನನಗ ಹ್ಯಾಂಗ ಕಂಡಿತು ಅಂದರ, ಆ ಹೊಲಸಿನ ನಷ್ಟ ಹದಿನಾಲ್ಕರಾಗೇ ಸೇರೇದ. ಅದನ್ನ ಒಮ್ಮೆ ಅವರು ಉಂಡಾರ. ಖರೆ ಹೇಳಿದ ತಪ್ಪಿಗೆ ಮತ್ತ ಎರಡು ಲಕ್ಷ ಕಡಿದರ, ಸುಳ್ಳು ಹೇಳಿದವರಿಗೆ ಹದಿನಾಲ್ಕು, ಖರೆ ಹೇಳಿದವರಿಗೆ ಹನ್ನೆರಡು ಅಂತ ನಾವೇ ದರ ಹಚ್ಚಿದಂಗ ಆಗ್ತದ. ಆಮೇಲೆ ನಾವೇ ಮನಿ ಮಾರೋ ದಿನ ಬಂದರ ಯಾವ ಬಾಯಿಂದ ಖರೆ ಹೇಳೋಣು? ಮಗ ಹೇಳಿದ, "ಧರ್ಮ ಹಾಡಾಕ ಚಂದ." ನಾನು ಅಂದೆ, ಮೂರು ಲಕ್ಷ ನನ್ನದು, ಅದಕ್ಕ ನನ್ನ ಕರಾರು ಅದ. ಹದಿನಾಲ್ಕಕ್ಕೇ ತಗೋಬೇಕು. ಮುಂದ ಮಾರಿದರ ಮಳಿಗಾಲದ ಮಾತು ಕೇಳದಿದ್ದರೂ ಹೇಳಿ ಮಾರಬೇಕು. ಮಗ ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ಮೂರನೇ ದಿನ ಇಸಾರ ಕೊಟ್ಟು ಬಂದ, ಹದಿನಾಲ್ಕಕ್ಕ. ಅವನಿಗೆ ನನ್ನ ಮಾತು ಪಟಾಯಿಸಿತೋ ಮೂರು ಲಕ್ಷ ಪಟಾಯಿಸಿತೋ ನಾನು ಕೇಳಲಿಲ್ಲ.

ನಮ್ಮೂರ ಮಂದಿ ಆಡಿಕೊಂಡರು. ಹೊಲಸಿನ ಬಾಜೂಕ ಹೋಗಿ ಕುಂತರು ಅಂದರು. ಒಂದಿನ ಭಜನಿ ಕಟ್ಟಿ ಮ್ಯಾಲ ಈ ಮಾತು ಬಂದಾಗ ನಾನು ಹೊಳಿಯ ದಾರಿ ಹೇಳಿದೆ. ಪುಣೆ, ಪಿಂಪರಿ ಚಿಂಚವಾಡದ ಬಳಸಿದ ನೀರು ಮುಳಾ ಮುಠಾದಾಗ ಬಿದ್ದು ಭೀಮಾಕ್ಕ ಬರ್ತದ. ಅದೆಲ್ಲ ಶುದ್ಧ ಆಗಿ ಬರ್ತದ ಅಂತ ಯಾರೂ ಆಣಿ ಮಾಡೋದಿಲ್ಲ. ಭೀಮಾ ಉಜನಿ ಧರಣದಾಗ ನಿಲ್ತದ. ಉಜನಿಯ ನೀರು ಸೊಲ್ಲಾಪುರ ಕುಡೀತದ. ಸೊಲ್ಲಾಪುರದ ಕಡೆಯ ನಾಲಾ ಸೀನಾಕ್ಕ, ಸೀನಾ ಕೂಡಲದ ಹತ್ತಿರ ಭೀಮಾಕ್ಕ. ಅಲ್ಲಿಂದ ನಮ್ಮ ಅಕ್ಕಲಕೋಟ ಸೀಮಿ ಮುಟ್ಟಿ, ವಿಜಯಪುರ, ಕಲಬುರಗಿ ಜಿಲ್ಲಾ ದಾಟಿ ಹೊಳಿ ಹೋಗ್ತದ. ಗಾಣಗಾಪುರದ ಸಂಗಮದಾಗ ನಾವು ಹುಣ್ಣಿವಿಗೆ ಮುಳುಗಿ ಬರ್ತೇವಲ್ಲ, ಅದೇ ನೀರು. ಪುಣೆಯವರಿಗೆ ನಾವು ಕೆಳಗಿನವರು, ಗಾಣಗಾಪುರದವರಿಗೆ ನಾವು ಮ್ಯಾಲಿನವರು. ಹೊಲಸಿನ ಬಾಜೂಕ ಇಲ್ಲದ ಮನಿ ಈ ಹೊಳಿಯ ದಂಡಿ ಮ್ಯಾಲ ಯಾವುದದ ಹೇಳ್ರಿ ಅಂದೆ. ಒಬ್ಬರು, "ಹೊಳಿ ಹರಿದು ಶುದ್ಧ ಆಗ್ತದ" ಅಂದರು. ಸ್ವಲ್ಪ ಖರೆ. ಹರಿಯೋ ನೀರು ಗಾಳಿ ಕುಡೀತದ, ಪ್ಲಾಂಟಿನ ಮಷಿನು ಮಾಡೋ ಕೆಲಸ ಹೊಳಿ ಪುಕ್ಕಟೆ ಮಾಡ್ತದ. ಆದರ ಬ್ಯಾಸಗಿಯೊಳಗ ಹರಿಯಾಕ ನೀರೇ ಇಲ್ಲದಾಗ ಹೊಳಿಯೂ ನೀರು ನಿಂತ ತಿಪ್ಪಿನೇ.

ಇನ್ನೊಂದು ಮಾತು. ಆ ಪ್ಲಾಂಟಿನಿಂದ ಬಿಟ್ಟ ನೀರಿಗೆ ನಾಲಾದ ಉದ್ದಕ್ಕ ರೈತರು ಮೋಟರ ಇಟ್ಟಾರ. ಬ್ಯಾಸಗಿಯೊಳಗ ನನ್ನ ತೊಗರಿ ಕಟಗಿ ಒಣಗಿ ನಿಂತಾಗ ಅಲ್ಲಿ ಕಬ್ಬು ಹಸರ ಇತ್ತು. ಸಾಂಡಪಾಣಿ ಪ್ಲಾಂಟಿನ 50 ಕಿಲೋಮೀಟರ್ ಒಳಗಿರೋ ಇದ್ದಲಿ ಸುಡೋ ವಿದ್ಯುತ್ ಕೇಂದ್ರ ಆ ಶುದ್ಧ ಮಾಡಿದ ನೀರನ್ನೇ ಬಳಸಬೇಕು ಅಂತ 2016ರ ಕೇಂದ್ರ ಸರಕಾರದ ವಿದ್ಯುತ್ ದರ ನೀತಿಯೊಳಗ ಅದ ಅಂತ ಮಾಸ್ತರು ಹೇಳಿದರು. ನೀರು ಎಲ್ಲರಿಗೂ ಬೇಕು. ವಾಸನಿ ಮಾತ್ರ ಮೂಡಣದ ಓಣಿಗೆ.

ಗೃಹಪ್ರವೇಶ ಬಸವ ಜಯಂತಿ ದಿನ ಆಯಿತು. ಹಳೇ ಮಾಲೀಕರೂ ಬಂದಿದ್ದರು, ಸೀತಾಫಲ ಗಿಡಕ್ಕ ಒಂದು ಕೊಡ ನೀರು ಹಾಕಿ ಹೋದರು. ಮಿರಗ ಬಂತು, ಗಾಳಿ ತಿರುಗಿತು. ಅದು ಎಂಥಾದ್ದು ಅಂತ ನಾನು ಹೋಗಿ ಎಂಟು ದಿನ ಇದ್ದು ನೋಡಿದೆ. ಐದು ದಿನ ಏನೂ ಇಲ್ಲ. ಎರಡು ದಿನ ಸಂಜೀಕ ಸ್ವಲ್ಪ ಹೊತ್ತು ಹುಳಿ ವಾಸನಿ. ಒಂದು ದಿನ ಲೈಟು ಹೋಗಿ ಮಷಿನು ನಿಂತು, ಬೆಳತನಕ ಯಾರೂ ಮಲಗಲಿಲ್ಲ. ಮೊಮ್ಮಗ ವಾಂತಿ ಮಾಡಿಕೊಂಡ. ಅವತ್ತು ಮಗ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಸೊಸಿನೂ ಏನೂ ಅನ್ನಲಿಲ್ಲ. ನಸುಕಿನ ನಾಲ್ಕಕ್ಕ ಎಚ್ಚರಾಗಿ ನೋಡಿದರ ಆಕಿ ಬಾಗಲ ಹತ್ತಿರ ಸುಮ್ಮನ ಕುಂತಿದ್ದಳು. "ರೂಢಿ ಮಾವಾರ, ಈ ಹೊತ್ತಿಗೆ ಎಚ್ಚರ ಆಗ್ತದ" ಅಂದಳು. ಸರತಿ ನಿಲ್ಲೋದು ಈಗ ಇರಲಿಲ್ಲ.

ಓಣಿಯವರು ಕೂಡಿ ಒಂದು ಅರ್ಜಿ ಬರೆದರು, ಮರಾಠಿಯೊಳಗ. ಪ್ಲಾಂಟು ಬ್ಯಾಡ ಅಂತ ಅಲ್ಲ. ಲೈಟು ಹೋದಾಗ ಮಷಿನು ನಡಸಾಕ ಜನರೇಟರ ಇಡ್ರಿ, ಗಸಿ ಒಣಗಿಸೋದನ್ನ ಪಡುವಣದ ಮೂಲಿಗೆ ಒಯ್ಯಿರಿ, ಕಂಪೌಂಡಿಗೆ ಗಿಡ ಹಚ್ಚ್ರಿ ಅಂತ ಮೂರು ಮಾತು. ನಲವತ್ಮೂರು ಮನಿಯ ಸಹಿ, ನನ್ನ ಮಗನದು ಹನ್ನೊಂದನೇದು. ಅದರ ಮ್ಯಾಲ ಸಾಹೇಬರು ತಪಾಸಣಿಗೆ ಬಂದರು. ಬಂದದ್ದು ದೀಪಾವಳಿ ಆದ ಮ್ಯಾಲ, ಮಧ್ಯಾಹ್ನ, ಗಾಳಿ ಮೂಡಣಕ್ಕ ತಿರುಗಿದ ಮ್ಯಾಲ. ಮನಿ ಮುಂದ ನಿಂತು ಉಸಿರು ಎಳೆದು, "ವಾಸನಿ ಎಲ್ಲದ?" ಅಂದರಂತ.

ಸೊಸಿ ಒಳಗ ಹೋಗಿ ಗ್ವಾಡಿಯ ಕ್ಯಾಲೆಂಡರು ತಂದಳು. ಮಿರಗದಿಂದ ಅವತ್ತಿನತನಕ ವಾಸನಿ ಬಂದ ಒಂದೊಂದು ದಿನಕ್ಕ ಆಕಿ ಕೆಂಪು ಗೀಟು ಹಾಕಿದ್ದಳು, ಬಾಜೂಕ ಹೊತ್ತು ಬರೆದಿದ್ದಳು, ಲೈಟು ಇತ್ತೋ ಇಲ್ಲೋ ಅದನ್ನೂ ಬರೆದಿದ್ದಳು. ಸಾಹೇಬರು ಅದನ್ನ ನಿಂತೇ ಓದಿದರಂತ, ಒಂದೊಂದೇ ಹಾಳಿ ತಿರುವಿ, ಆಮೇಲೆ ಫೋಟೋ ತಕ್ಕೊಂಡು ಹೋದರಂತ. ಜನರೇಟರ ಇನ್ನೂ ಬಂದಿಲ್ಲ. ಹೊಸ ವರ್ಷದ ಕ್ಯಾಲೆಂಡರು ತಂದು ತೂಗ ಹಾಕ್ಯಾಳ.